ಗುಂಡು ಚದುರುತ್ತಿದೆಯಾ? ಪೌಡರ್ ಬದಲಿಸುವ ಮೊದಲು ಬ್ಯಾರೆಲ್ ನೋಡಿ

ಗ್ರೂಪ್, ಅಂದರೆ ಟಾರ್ಗೆಟ್ ಮೇಲೆ ಗುಂಡುಗಳು ಬಿದ್ದ ಹರವು, ದೊಡ್ಡದಾದ ಕೂಡಲೇ ಹ್ಯಾಂಡ್‌ಲೋಡಿಂಗ್ ಮಾಡುವವರು, ಅಂದರೆ ತಮ್ಮ ಕಾಡತೂಸನ್ನು ತಾವೇ ತುಂಬಿಸಿಕೊಳ್ಳುವವರು, ಏನು ಮಾಡುತ್ತಾರೆ? ಪೌಡರ್ ಸ್ವಲ್ಪ ಏರಿಸುತ್ತಾರೆ, ಸ್ವಲ್ಪ ಇಳಿಸುತ್ತಾರೆ. ಆಮೇಲೆ ಪೌಡರ್‌ಗೆ ಕಿಡಿ ಹೊತ್ತಿಸುವ ಪ್ರೈಮರ್ ಬದಲಿಸುತ್ತಾರೆ. ಅದೂ ಆಗಲಿಲ್ಲ ಅಂದರೆ ಬೇರೆ ಪೌಡರ್‌ನ ಇನ್ನೊಂದು ಡಬ್ಬಿ ಮನೆಗೆ ಬರುತ್ತದೆ. ದುಡ್ಡು ಖರ್ಚಾಗುತ್ತದೆ, ಗ್ರೂಪ್ ಅಲ್ಲೇ ಇರುತ್ತದೆ. ಯಾಕೆಂದರೆ ಬಹಳ ಸಲ ತೊಂದರೆ ಕಾಡತೂಸಿನ ಒಳಗೆ ಇರುವುದೇ ಇಲ್ಲ, ಗುಂಡು ಹಾದುಹೋಗುವ ಬ್ಯಾರೆಲ್‌ನಲ್ಲಿ ಇರುತ್ತದೆ. ಲೋಡ್, ಅಂದರೆ ಗುಂಡು, ಪೌಡರ್, ಪ್ರೈಮರ್ ಮತ್ತು ಇವನ್ನು ಹಿಡಿದಿಡುವ ಕೇಸ್ ಸೇರಿದ ಜೋಡಣೆ, ಬ್ಯಾರೆಲ್‌ಗೆ ಹೊಂದಿಸಿಕೊಳ್ಳುವ ವಸ್ತು. ಗೆಳೆಯನ ರೈಫಲ್‌ನಲ್ಲಿ ಒಂದೇ ತೂತಿನಲ್ಲಿ ಹೋದ ಲೋಡ್ ನಿಮ್ಮ ರೈಫಲ್‌ನಲ್ಲಿ ಅಂಗೈ ಅಗಲ ಚದುರಿದರೆ ಆಶ್ಚರ್ಯ ಪಡಬೇಕಾಗಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ಅಮೆರಿಕದಲ್ಲಿ ಇರುವವರಿಗೆ. ಇಲ್ಲಿ ಸ್ವಂತ ಬಳಕೆಗೆ ಕಾಡತೂಸು ತುಂಬಿಸಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರುವುದಾದರೆ ಬೇಕು. ರಾಜ್ಯದ ಕಾನೂನು ಬೇರೆ ಇರಬಹುದು, ನೋಡಿಕೊಳ್ಳಿ. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಇನ್ನೂ ಜಾಗ್ರತೆ: ಗನ್ ಮಾತ್ರ ಅಲ್ಲ, ಕಾಡತೂಸು ಇಟ್ಟುಕೊಳ್ಳುವುದಕ್ಕೂ ಫೆಡರಲ್ ಕಾನೂನಿನ ನಿರ್ಬಂಧ ಇದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಅಂತ ಕೆಲವು ವಿನಾಯಿತಿ ಇವೆ, ಆದರೆ ವಕೀಲರನ್ನು ಕೇಳದೆ ಮುಟ್ಟಬೇಡಿ. ಊರಲ್ಲಿ ಇರುವವರು ಇದನ್ನು ಸುಮ್ನೆ ಓದಿ ಬಿಡಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಕಾಡತೂಸು ತಯಾರಿಸುವುದು ಅಪರಾಧ. ಕೊಡಗಿನವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಮದ್ದು ತುಂಬಿಸುವುದಕ್ಕಲ್ಲ.

ಎಷ್ಟು ಗ್ರೇನ್ (ಗುಂಡು, ಪೌಡರ್ ತೂಗುವ ಸಣ್ಣ ಅಳತೆ) ಪೌಡರ್ ಹಾಕಬೇಕು ಅಂತ ಇಲ್ಲಿ ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಅದಕ್ಕೆ ಅಚ್ಚಾದ ಮ್ಯಾನುಯಲ್ ಇದೆ. ಅದರ ಕೆಳಗಿನ ಅಂಕಿಯಿಂದ ಶುರು ಮಾಡಿ, ಮೇಲಿನ ಅಂಕಿ ದಾಟಬೇಡಿ.

ದೋಷ ನಿಜವಾಗಿಯೂ ಇದೆಯಾ?

ಮೂರು ಗುಂಡು ಹೊಡೆದು ಗ್ರೂಪ್ ಅಳೆದು ತೀರ್ಪು ಕೊಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಲೆಕ್ಕ ಏನು ಹೇಳುತ್ತದೆ ನೋಡಿ. ರೈಫಲ್ ಅದೇ, ಲೋಡ್ ಅದೇ, ಏನೂ ಬದಲಾಗಿಲ್ಲ. 5 ಗುಂಡಿನ ಗ್ರೂಪ್ ಸರಾಸರಿ 1 ಇಂಚು ಬಂದರೆ, 3 ಗುಂಡಿನದು ಸರಾಸರಿ 0.8 ಇಂಚಿನ ಹತ್ತಿರ ಬರುತ್ತದೆ, 10 ಗುಂಡಿನದು ಸುಮಾರು ಕಾಲು ಇಂಚು ಹೆಚ್ಚಾಗಿ 1.25ರ ಹತ್ತಿರ ಬರುತ್ತದೆ. ಇದು ಸರಾಸರಿ ಮಾತ್ರ. ಒಂದೊಂದೇ ಗ್ರೂಪ್ ತೆಗೆದುಕೊಂಡರೆ ಇದೇ ರೈಫಲ್ ಒಮ್ಮೆ ಅರ್ಧ ಇಂಚು ಕೊಟ್ಟು, ಮುಂದಿನ ಸಲ ಒಂದೂವರೆ ಇಂಚು ಕೊಡಬಹುದು. ಎರಡೂ ನಿಜ, ಎರಡರಿಂದಲೂ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಹೋದ ವಾರ ಚೆನ್ನಾಗಿತ್ತು, ಈ ವಾರ ಹಾಳಾಯಿತು ಅನ್ನುವ ಮೊದಲು 10 ಗುಂಡು ಹೊಡೆಯಿರಿ. ಆಗಲೂ ದೊಡ್ಡದಾಗಿಯೇ ಇದ್ದರೆ ಆಗ ಮಾತ್ರ ಹುಡುಕಲು ಶುರು ಮಾಡಿ.

ಇನ್ನೊಂದು ಪರೀಕ್ಷೆ ಎಲ್ಲರೂ ಮರೆಯುತ್ತಾರೆ. ಅಂಗಡಿಯ ಒಳ್ಳೆಯ ಮ್ಯಾಚ್ (ಸ್ಪರ್ಧೆಗೆ ಅಂತ ಮಾಡಿದ) ಕಾಡತೂಸು ಒಂದು ಡಬ್ಬಿ ತಂದು ಅದೇ ದಿನ, ಅದೇ ಬೆಂಚಿನಿಂದ ಹೊಡೆಯಿರಿ. ಅದು ಸರಿಯಾಗಿ ಹೋಗಿ ನಿಮ್ಮದು ಚದುರಿದರೆ ಹುಡುಕಾಟ ಲೋಡಿಂಗ್ ಬೆಂಚಿನ ಕಡೆಗೆ ಹೋಗಬೇಕು. ಎರಡೂ ಚದುರಿದರೆ ಬ್ಯಾರೆಲ್, ಸ್ಟಾಕ್ (ಬ್ಯಾರೆಲ್ ಕೂರಿಸುವ ಮರದ ಅಥವಾ ಪ್ಲಾಸ್ಟಿಕ್‌ನ ಭಾಗ), ಸ್ಕೋಪ್ (ಗುರಿ ನೋಡುವ ದುರ್ಬೀನು) ಇಲ್ಲವೇ ಹೊಡೆಯುವವರು. ಹೊಡೆಯುವವರನ್ನು ಪಟ್ಟಿಯಿಂದ ತೆಗೆಯಬೇಡಿ. ನಿಮಗಿಂತ ಚೆನ್ನಾಗಿ ಹೊಡೆಯುವ ಯಾರಾದರೂ ರೇಂಜ್‌ನಲ್ಲಿ ಇದ್ದರೆ ಅವರ ಕೈಗೆ ಕೊಟ್ಟು ನೋಡಿ. ಕುಣಿಯಲಾರದವಳಿಗೆ ನೆಲ ಡೊಂಕು ಅಂತ ಸುಮ್ನೆ ಹೇಳಿಲ್ಲ.

ತೂತು ಉದ್ದುದ್ದ ಬಿದ್ದರೆ

ಟಾರ್ಗೆಟ್ ಪೇಪರ್ ಹತ್ತಿರ ಹೋಗಿ ನೋಡಿ. ತೂತು ದುಂಡಗೆ ಇಲ್ಲದೆ ಮೊಟ್ಟೆಯಾಕಾರ ಇದ್ದರೆ ಅಥವಾ ಗುಂಡು ಅಡ್ಡಡ್ಡ ಬಡಿದ ಗುರುತು ಇದ್ದರೆ, ಬೇರೆ ಏನನ್ನೂ ಹುಡುಕುವ ಮೊದಲು ಟ್ವಿಸ್ಟ್ ನೋಡಿ. ಬ್ಯಾರೆಲ್ ಒಳಗಿನ ರೈಫ್ಲಿಂಗ್, ಅಂದರೆ ಗುಂಡನ್ನು ತಿರುಗಿಸುವ ಸುರುಳಿ ಗೀರು, ಎಷ್ಟು ಇಂಚಿಗೆ ಒಂದು ಸುತ್ತು ಸುತ್ತುತ್ತದೆ ಅನ್ನುವುದೇ ಟ್ವಿಸ್ಟ್. 1:12 ಅಂದರೆ 12 ಇಂಚಿಗೆ ಒಂದು ಸುತ್ತು, ನಿಧಾನ. 1:7 ಅಂದರೆ ವೇಗ. ಬುಗುರಿ ಜೋರಾಗಿ ತಿರುಗಿದಾಗ ನಿಲ್ಲುತ್ತದೆ, ವೇಗ ಸಾಲದಿದ್ದರೆ ಓಲಾಡುತ್ತದೆ ಅಲ್ವಾ, ಗುಂಡೂ ಹಾಗೆಯೇ.

ಇಲ್ಲಿ ಎಲ್ಲರೂ ತೂಕ ನೋಡುತ್ತಾರೆ, ನೋಡಬೇಕಾದದ್ದು ಉದ್ದ. ಇಂಗ್ಲೆಂಡಿನ ವೂಲಿಚ್‌ನಲ್ಲಿ ಗಣಿತ ಕಲಿಸುತ್ತಿದ್ದ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲೇ ಇದಕ್ಕೊಂದು ಸುಲಭ ಸೂತ್ರ ಕೊಟ್ಟರು. ಗುಂಡಿನ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಬಂದ ಅಂಕಿ ನಿಮಗೆ ಬೇಕಾದ ಟ್ವಿಸ್ಟ್, ಇಂಚಿನಲ್ಲಿ. ವೇಗ ಸೆಕೆಂಡಿಗೆ 2800 ಅಡಿ ದಾಟಿದರೆ 150ರ ಬದಲು 180 ಹಾಕುವುದು ರೂಢಿ. .224 ಇಂಚು ವ್ಯಾಸ, ಸರಿಯಾಗಿ 1 ಇಂಚು ಉದ್ದದ ಗುಂಡಿಗೆ 150ರ ಲೆಕ್ಕದಲ್ಲಿ 7.5, 180ರ ಲೆಕ್ಕದಲ್ಲಿ 9 ಬರುತ್ತದೆ. ಅಂದರೆ 1:12 ಬ್ಯಾರೆಲ್‌ನಲ್ಲಿ ಆ ಗುಂಡು ನಿಲ್ಲುವ ಮಾತೇ ಇಲ್ಲ. ನೀವು ಪೌಡರ್ ಏನೇ ಮಾಡಿ, ನಿಲ್ಲುವುದಿಲ್ಲ. ಈಗ ಹೆಚ್ಚು ಜನ ಬಳಸುವುದು ಡಾನ್ ಮಿಲ್ಲರ್ ಅವರ ಸೂತ್ರ. ಅದು ಗುಂಡಿನ ತೂಕ, ವೇಗ, ಗಾಳಿಯ ಉಷ್ಣತೆ, ಒತ್ತಡ ಎಲ್ಲವನ್ನೂ ಸೇರಿಸಿ ಸ್ಥಿರತೆಯ ಒಂದು ಅಂಕಿ ಕೊಡುತ್ತದೆ. 1.4 ಅಥವಾ 1.5ರ ಮೇಲೆ ಇದ್ದರೆ ನಿಶ್ಚಿಂತೆ. 1ರ ಹತ್ತಿರ ಬಂದರೆ ತೂತು ಉದ್ದವಾಗುತ್ತದೆ.

.223 ರೆಮಿಂಗ್ಟನ್‌ನಲ್ಲಿ ಈ ತೊಂದರೆ ಅತಿ ಸಾಮಾನ್ಯ, ಯಾಕೆಂದರೆ ಒಂದೇ ಕಾಡತೂಸಿಗೆ 1:12ರಿಂದ 1:7ರವರೆಗೆ ಎಲ್ಲ ಥರದ ಬ್ಯಾರೆಲ್ ಮಾರುಕಟ್ಟೆಯಲ್ಲಿವೆ. ಹಳೆಯ ಬೋಲ್ಟ್ ರೈಫಲ್‌ಗಳ 1:12 ಬ್ಯಾರೆಲ್ 55 ಗ್ರೇನ್‌ವರೆಗೆ ಸರಿ. 1:9 ಇದ್ದರೆ 69 ಗ್ರೇನ್ ಗುಂಡು ಸಾಮಾನ್ಯವಾಗಿ ಸರಿಹೋಗುತ್ತದೆ, 75 ಅಂದರೆ ಬ್ಯಾರೆಲ್ ಮೇಲೆ ಅವಲಂಬನೆ. 77, 80 ಗ್ರೇನ್ ಬೇಕಾದರೆ 1:8 ಅಥವಾ 1:7. ಈ ಪಾಠವನ್ನು ಅಮೆರಿಕದ ಸೇನೆಯೂ ಕಷ್ಟಪಟ್ಟೇ ಕಲಿತದ್ದು. ಮೊದಲ ಎಆರ್-15ಗಳಲ್ಲಿ 1:14 ಟ್ವಿಸ್ಟ್ ಇತ್ತು. ಕೊರೆಯುವ ಚಳಿಯ ದಟ್ಟ ಗಾಳಿಯಲ್ಲಿ ಗುಂಡು ಓಲಾಡಿತು, ಅದಕ್ಕೇ 1:12 ಮಾಡಿದರು. ಆಮೇಲೆ ಉದ್ದದ ಗುಂಡು ಬಂದಾಗ ಎಂ16ಎ2ನಲ್ಲಿ 1:7ಕ್ಕೆ ಹೋದರು.

ಇನ್ನೊಂದು ಕತೆ ಇದಕ್ಕಿಂತ ಚೆನ್ನಾಗಿದೆ. 1955ರಲ್ಲಿ ಎರಡು 6 ಮಿ.ಮೀ. ಕಾಡತೂಸು ಒಟ್ಟಿಗೆ ಬಂದವು. ವಿಂಚೆಸ್ಟರ್‌ನ .243 ಮತ್ತು ರೆಮಿಂಗ್ಟನ್‌ನ .244. ಕೇಸ್ ನೋಡಿದರೆ .244 ಸ್ವಲ್ಪ ಜಾಸ್ತಿ ಪೌಡರ್ ಹಿಡಿಯುತ್ತಿತ್ತು, ಅಂದರೆ ಕಾಗದದ ಮೇಲೆ ಅದೇ ಮೇಲು. ಆದರೆ ವಿಂಚೆಸ್ಟರ್ 1:10 ಟ್ವಿಸ್ಟ್ ಕೊಟ್ಟಿತು, ರೆಮಿಂಗ್ಟನ್ 1:12 ಕೊಟ್ಟಿತು. ಜಿಂಕೆ ಬೇಟೆಗೆ 100 ಗ್ರೇನ್ ಗುಂಡು ಬೇಕು ಅನ್ನುತ್ತಿದ್ದ ಜನ ವಿಂಚೆಸ್ಟರ್ ಕೊಂಡರು. ರೆಮಿಂಗ್ಟನ್ ಆಮೇಲೆ ಟ್ವಿಸ್ಟ್ 1:9 ಮಾಡಿ, 1963ರಲ್ಲಿ ಅದೇ ಕಾಡತೂಸಿಗೆ 6 ಎಂ.ಎಂ. ರೆಮಿಂಗ್ಟನ್ ಅಂತ ಹೊಸ ಹೆಸರಿಟ್ಟಿತು. ಅಷ್ಟೊತ್ತಿಗೆ .243 ಊರೆಲ್ಲ ಹಬ್ಬಿತ್ತು. ಹಳೆಯ .244 ಬ್ಯಾರೆಲ್ ಇರುವ ರೈಫಲ್ ಈಗಲೂ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಿಗುತ್ತದೆ. ಕೊಂಡರೆ 100 ಗ್ರೇನ್ ಗುಂಡು ತರುವ ಮೊದಲು ಟ್ವಿಸ್ಟ್ ಅಳೆಯಿರಿ.

ಅಳೆಯುವುದು ಸುಲಭ. ಚೇಂಬರ್ (ಕಾಡತೂಸು ಕೂರುವ ಜಾಗ) ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಬೋಲ್ಟ್ ತೆಗೆಯಿರಿ. ಹಿಡಿ ತಾನಾಗಿ ತಿರುಗುವ ಕ್ಲೀನಿಂಗ್ ರಾಡ್‌ಗೆ ಬಿಗಿಯಾಗಿ ಕೂರುವ ಬಟ್ಟೆ ಹಾಕಿ ಒಳಗೆ ತಳ್ಳಿ, ರಾಡ್ ಮೇಲೆ ಒಂದು ಗುರುತು ಮಾಡಿ. ಗುರುತು ಒಂದು ಸುತ್ತು ತಿರುಗಿ ಮತ್ತೆ ಮೇಲೆ ಬರುವಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಗೆ ಹೋಯಿತೋ ಅದೇ ಟ್ವಿಸ್ಟ್. ಬ್ಯಾರೆಲ್ ಮೇಲೆ ಅಚ್ಚು ಹಾಕಿದ್ದಕ್ಕೂ ಇದಕ್ಕೂ ವ್ಯತ್ಯಾಸ ಬಂದರೆ ರಾಡ್ ಹೇಳಿದ್ದನ್ನು ನಂಬಿ.

ಬೇಸಿಗೆಯಲ್ಲಿ ಚೆನ್ನಾಗಿದ್ದ ಲೋಡ್ ಡಿಸೆಂಬರ್‌ನಲ್ಲಿ ಹಾಳಾದರೂ ಟ್ವಿಸ್ಟ್ ಮೇಲೆ ಅನುಮಾನ ಪಡಿ. ಗಾಳಿ ತಣ್ಣಗಾದಂತೆ ದಟ್ಟವಾಗುತ್ತದೆ, ಅಂಚಿನಲ್ಲಿದ್ದ ಸ್ಥಿರತೆ ಜಾರಿಬಿಡುತ್ತದೆ. ಡೆನ್ವರ್‌ನಲ್ಲಿ, ಅಂದರೆ ಮೈಲಿ ಎತ್ತರದ ತೆಳು ಗಾಳಿಯಲ್ಲಿ ಹೊಂದಿಸಿದ ಲೋಡ್ ಹ್ಯೂಸ್ಟನ್‌ನಲ್ಲಿ ಕೈಕೊಡುವುದಕ್ಕೂ ಇದೇ ಕಾರಣ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಇನ್ನೊಂದು. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ತುಂಬಾ ಜನ ಪೂರ್ತಿ ತಾಮ್ರದ ಗುಂಡಿಗೆ ಬದಲಾದರು. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕದ ಗುಂಡು ಹೆಚ್ಚು ಉದ್ದ ಇರುತ್ತದೆ. ತೂಕ ಅದೇ ಇದೆಯಲ್ಲ ಅಂತ ಹಾಕಿದವರ ಹಳೆಯ ನಿಧಾನ ಟ್ವಿಸ್ಟ್ ಬ್ಯಾರೆಲ್ ಅದನ್ನು ಒಪ್ಪಲಿಲ್ಲ. ತಾಮ್ರಕ್ಕೆ ಹೋಗುವಾಗ ಒಂದು ಹೆಜ್ಜೆ ಕಡಿಮೆ ತೂಕ ಆರಿಸುವುದು ಜಾಣತನ.

ಟ್ವಿಸ್ಟ್ ಅತಿಯಾದರೂ ತೊಂದರೆ ಇದೆ, ಆದರೆ ಅಪರೂಪ. ಗುಂಡು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅಂತ ತಿಳಿಯಲು ವೇಗವನ್ನು 720ರಿಂದ ಗುಣಿಸಿ ಟ್ವಿಸ್ಟ್‌ನಿಂದ ಭಾಗಿಸಿ. 3200 ಅಡಿ ವೇಗ, 1:7 ಅಂದರೆ ಸುಮಾರು 3,29,000 ಸುತ್ತು. ಅದೇ 1:12ರಲ್ಲಿ 1,92,000. ಹೆಗ್ಗಣದಂಥ ಸಣ್ಣ ಪ್ರಾಣಿಗೆ ಅಂತ ಮಾಡಿದ ತೆಳು ಜಾಕೆಟ್‌ನ (ಹೊರಗಿನ ಲೋಹದ ಹೊದಿಕೆಯ) ಗುಂಡು ಆ ವೇಗ ತಡೆಯದೆ ದಾರಿಯಲ್ಲೇ ಪುಡಿಯಾಗುತ್ತದೆ. ಪೇಪರ್ ಮೇಲೆ ತೂತೇ ಇಲ್ಲ, ಗಾಳಿಯಲ್ಲಿ ಬೂದು ಬಣ್ಣದ ಎಳೆ ಕಂಡಿತು ಅಂದರೆ ಇದೇ. ಗಟ್ಟಿ ಜಾಕೆಟ್‌ನ ಗುಂಡು ತನ್ನಿ, ಮುಗಿಯಿತು.

ಟ್ವಿಸ್ಟ್ ಸರಿ ಇದ್ದೂ ತೂತು ಉದ್ದ ಬಿದ್ದರೆ

ಆಗ ಬೋರ್, ಅಂದರೆ ಬ್ಯಾರೆಲ್‌ನ ಒಳ ತೂತು, ಎಷ್ಟು ಅಗಲ ಅಂತ ಅಳೆಯಬೇಕು. ಹಳೆಯ ಮಿಲಿಟರಿ ರೈಫಲ್‌ಗಳಲ್ಲಿ ಇದೇ ರೋಗ. ಲೀ-ಎನ್‌ಫೀಲ್ಡ್ .303 ತೆಗೆದುಕೊಳ್ಳಿ. ಅದಕ್ಕೆ ಸಿಗುವ ಗುಂಡು .311 ಅಥವಾ .312 ಇಂಚು. ಆದರೆ ಯುದ್ಧಕಾಲದಲ್ಲಿ ಅವಸರದಲ್ಲಿ ಮಾಡಿದ, ಆಮೇಲೆ ದಶಕಗಟ್ಟಲೆ ಸವೆದ ಬ್ಯಾರೆಲ್‌ಗಳ ಗ್ರೂವ್ (ರೈಫ್ಲಿಂಗ್‌ನ ಗೀರಿನ ತಳದ ಅಳತೆ) .315 ದಾಟಿರುವುದು ಅಪರೂಪವೇನಲ್ಲ. ಗುಂಡು ಸಡಿಲವಾಗಿ ಹೋಗುತ್ತದೆ, ಪಕ್ಕದಿಂದ ಗ್ಯಾಸ್ ಸೋರುತ್ತದೆ. ಅದರಲ್ಲೂ ಹಿಂಭಾಗ ಸಣ್ಣಗಾಗುವ ಬೋಟ್‌ಟೇಲ್ ಗುಂಡು ಇಂಥ ಬ್ಯಾರೆಲ್‌ನಲ್ಲಿ ಚೆನ್ನಾಗಿ ಹೋಗುವುದೇ ಇಲ್ಲ. ಹಿಂಭಾಗ ಚಪ್ಪಟೆ ಇರುವ, ಉದ್ದ ಮೈ ಇರುವ ಗುಂಡು ಹಾಕಿ ನೋಡಿ, ಎಷ್ಟೋ ಸಲ ಗ್ರೂಪ್ ಅರ್ಧಕ್ಕೆ ಇಳಿಯುತ್ತದೆ.

ಅಳೆಯುವುದಕ್ಕೆ ಶುದ್ಧ ಸೀಸದ ಸಣ್ಣ ಗೋಲಿ ಬೇಕು, ಬೋರ್‌ಗಿಂತ ಕೂದಲೆಳೆ ದಪ್ಪ. ಬ್ಯಾರೆಲ್‌ಗೆ ಎಣ್ಣೆ ಸವರಿ, ರಾಡ್‌ನಿಂದ ಸೀಸವನ್ನು ಈ ಕಡೆಯಿಂದ ಆ ಕಡೆಗೆ ತಳ್ಳಿ, ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ತಳ್ಳುವಾಗ ಕೈಗೆ ಬರುವ ಸುದ್ದಿಯೂ ಮುಖ್ಯ. ಎಲ್ಲೋ ಒಂದು ಕಡೆ ಸಡಿಲ, ಮುಂದೆ ಮತ್ತೆ ಬಿಗಿ ಅನ್ನಿಸಿದರೆ ಬ್ಯಾರೆಲ್ ಒಳಗೆ ಉಬ್ಬು ತಗ್ಗು ಇದೆ. ಬಾಯಿಯ ಕಡೆಗೆ ಸಡಿಲವಾಗುತ್ತಾ ಹೋಗುವ ಬ್ಯಾರೆಲ್‌ನಿಂದ ಒಳ್ಳೆಯದನ್ನು ನಿರೀಕ್ಷಿಸಬೇಡಿ. ಎನ್‌ಫೀಲ್ಡ್‌ನಲ್ಲಿ ಒಂದು ತರಲೆ: ಸಾಮಾನ್ಯವಾಗಿ ಗ್ರೂವ್ ಐದು. ಒಂದು ಗ್ರೂವ್‌ನ ಎದುರಿಗೆ ಇನ್ನೊಂದು ಗ್ರೂವ್ ಬರುವುದಿಲ್ಲ, ಹಾಗಾಗಿ ಸಾಮಾನ್ಯ ಮೈಕ್ರೋಮೀಟರ್ ಸುಳ್ಳು ಅಳತೆ ಕೊಡುತ್ತದೆ. ವಿ ಆಕಾರದ ತಳ ಇರುವುದು ಬೇಕು.

ಇಲ್ಲಿನ ಮಿಲಿಟರಿ ಸರ್‌ಪ್ಲಸ್ ಮಾರುಕಟ್ಟೆಯಲ್ಲಿ ನಮ್ಮ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿಯ 2ಎ1 ಸಿಗುತ್ತದೆ, ಆರ್‌ಎಫ್‌ಐ ಗುರುತು ಇರುತ್ತದೆ. ನೋಡಲು ಎನ್‌ಫೀಲ್ಡ್, ಆದರೆ ಅದು 1960ರ ದಶಕದಲ್ಲಿ 7.62 ನೇಟೋ ಕಾಡತೂಸಿಗೆ ಅಂತಲೇ ಹೊಸದಾಗಿ ಮಾಡಿದ್ದು. ಅಕ್ಕರೆಯಿಂದ ಕೊಳ್ಳುವವರು ತುಂಬಾ ಜನ. ಹೆಸರು ನೋಡಿ .303ರ ಗುಂಡು ತರಬೇಡಿ, ಅದಕ್ಕೆ ಬೇಕಾದದ್ದು .308. ಅದರಲ್ಲೂ ಬೋರ್ ಅಳೆದ ಮೇಲೆ.

ಬಿಸಿಯಾದಂತೆ ಗ್ರೂಪ್ ಜಾರಿದರೆ

ಮೊದಲ ಮೂರು ಗುಂಡು ಒಟ್ಟಿಗೆ. ನಾಲ್ಕನೆಯದು ಮೇಲೆ, ಐದನೆಯದು ಇನ್ನೂ ಮೇಲೆ. ಅಥವಾ ಎಲ್ಲ ಒಂದೇ ಓರೆ ದಿಕ್ಕಿಗೆ ಸಾಲಾಗಿ ನಡೆಯುತ್ತವೆ. ಇದಕ್ಕೆ ಎರಡು ಕಾರಣ ಇರುತ್ತವೆ. ಒಂದು, ಬಿಸಿಯಾದ ಬ್ಯಾರೆಲ್ ಸ್ಟಾಕ್‌ಗೆ ತಾಗುತ್ತಿದೆ. ಒಂದು ಡಾಲರ್ ನೋಟನ್ನು ಬ್ಯಾರೆಲ್ ಮತ್ತು ಸ್ಟಾಕ್ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಾಗುತ್ತಿದೆ. ತಣ್ಣಗಿರುವಾಗ ಒಮ್ಮೆ, ಬಿಸಿಯಾದ ಮೇಲೆ ಇನ್ನೊಮ್ಮೆ ಮಾಡಿ, ಮತ್ತೆ ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ಭಾರ ಹಾಕಿ ಮಾಡಿ. ಅಗ್ಗದ ಪ್ಲಾಸ್ಟಿಕ್ ಸ್ಟಾಕ್ ಭಾರಕ್ಕೆ ಬಾಗಿ ಬ್ಯಾರೆಲ್ ಮುಟ್ಟುತ್ತದೆ. ಮರಳು ಕಾಗದ ಹಿಡಿದು ಸ್ವಲ್ಪ ಉಜ್ಜಿದರೆ ಮುಗಿಯಿತು. ಆದರೆ ಎನ್‌ಫೀಲ್ಡ್‌ನಂಥ ಹಳೆಯ ರೈಫಲ್‌ನಲ್ಲಿ ಮಾತ್ರ ಇದನ್ನು ಮಾಡಬೇಡಿ, ಅಲ್ಲಿ ಮರ ಬ್ಯಾರೆಲ್‌ಗೆ ತಾಗುವುದು ಬೇಕೆಂದೇ ಮಾಡಿರುವ ವ್ಯವಸ್ಥೆ.

ಎರಡನೆಯ ಕಾರಣ ಬ್ಯಾರೆಲ್‌ನ ಉಕ್ಕಿನಲ್ಲೇ ಉಳಿದ ಒತ್ತಡ. ಬಟನ್ ಅನ್ನುವ ಗಟ್ಟಿ ಅಚ್ಚು ಎಳೆದು ಅಥವಾ ಸುತ್ತಿಗೆಯ ಯಂತ್ರದಲ್ಲಿ ಬಡಿದು ರೈಫ್ಲಿಂಗ್ ಮಾಡಿದಾಗ ಲೋಹದಲ್ಲಿ ಒತ್ತಡ ಉಳಿಯುತ್ತದೆ. ಒಳ್ಳೆಯ ತಯಾರಕರು ಅದನ್ನು ಕಾಯಿಸಿ ತೆಗೆಯುತ್ತಾರೆ. ಸರಿಯಾಗಿ ತೆಗೆಯದಿದ್ದರೆ ಬಿಸಿಯಾದಾಗ ಬ್ಯಾರೆಲ್ ಒಂದು ಕಡೆಗೆ ಬಾಗುತ್ತದೆ, ಯಾವಾಗಲೂ ಅದೇ ಕಡೆಗೆ. ಇದಕ್ಕೆ ಯಾವ ಲೋಡೂ ಮದ್ದಲ್ಲ. ಬೇಟೆಯ ತೆಳು ಬ್ಯಾರೆಲ್ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಜಿಂಕೆಗೆ ಹೊಡೆಯುವುದು ತಣ್ಣನೆಯ ಬ್ಯಾರೆಲ್‌ನ ಮೊದಲ ಗುಂಡು, ಅದು ಎಲ್ಲಿ ಬೀಳುತ್ತದೆ ಅಂತ ಗೊತ್ತಿದ್ದರೆ ಸಾಕು. ಪರೀಕ್ಷೆ ಮಾಡುವಾಗ ಬ್ಯಾರೆಲ್ ತಣಿಯಲು ಬಿಡಿ. ಬಿಸಿ ಚೇಂಬರ್‌ನಲ್ಲಿ ಕಾಡತೂಸು ಹಾಕಿಟ್ಟು ಗಾಳಿ ನಿಲ್ಲಲಿ ಅಂತ ಕಾಯುತ್ತಾ ಕೂರಬೇಡಿ. ಪೌಡರ್ ಕಾದು ಒತ್ತಡವೂ ವೇಗವೂ ಏರುತ್ತವೆ.

ಮೇಲೆ ಕೆಳಗೆ ಉದ್ದಕ್ಕೆ ಹರಡಿದ ಗ್ರೂಪ್ ಕಂಡ ಕೂಡಲೇ ವೇಗದ ವ್ಯತ್ಯಾಸ ಅಂತ ಹೇಳುವವರಿದ್ದಾರೆ. 100 ಗಜದಲ್ಲಿ ಈ ಮಾತು ನಿಲ್ಲುವುದಿಲ್ಲ. .308ರಲ್ಲಿ 168 ಗ್ರೇನ್ ಗುಂಡು 2650 ಅಡಿ ವೇಗದಲ್ಲಿ ಹೊರಟಾಗ, ವೇಗ 50 ಅಡಿ ಹೆಚ್ಚು ಕಡಿಮೆ ಆದರೂ 100 ಗಜದಲ್ಲಿ ವ್ಯತ್ಯಾಸ ಇಂಚಿನ ಹತ್ತನೇ ಒಂದು ಭಾಗ ಅಷ್ಟೇ. 600 ಗಜದಲ್ಲಿ ಅದೇ ನಾಲ್ಕೈದು ಇಂಚು ಆಗುತ್ತದೆ. ಹಾಗಾಗಿ ಹತ್ತಿರದಲ್ಲಿ ಚೆನ್ನಾಗಿದ್ದು ದೂರದಲ್ಲಿ ಮಾತ್ರ ಉದ್ದವಾದರೆ ಲೋಡ್ ನೋಡಿ. ಹತ್ತಿರದಲ್ಲೇ ಉದ್ದವಾದರೆ ಬ್ಯಾರೆಲ್, ಬೆಡ್ಡಿಂಗ್ (ರೈಫಲ್ ಸ್ಟಾಕ್‌ನಲ್ಲಿ ಕೂತಿರುವ ರೀತಿ), ಭುಜ ನೋಡಿ. ಬ್ಯಾರೆಲ್ ತುದಿಗೆ ಕಟ್ಟುವ ಥರದ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಹಾಕಿಕೊಂಡು ಗ್ರೂಪ್ ಅಳೆಯುತ್ತಿದ್ದರೆ ಮೊದಲು ಅದನ್ನು ಬಿಚ್ಚಿ. ಆ ಭಾರದಿಂದಲೇ ಗುಂಡು ಬೀಳುವ ಜಾಗ ಬದಲಾಗುತ್ತದೆ.

ನಿಧಾನವಾಗಿ ಕೆಟ್ಟರೆ

ಒಂದೆರಡು ಸೀಸನ್ ಚೆನ್ನಾಗಿದ್ದ ಲೋಡ್ ಮೆಲ್ಲಗೆ ಅಗಲವಾಗುತ್ತಾ ಬಂದರೆ ಥ್ರೋಟ್ ನೋಡಿ. ಚೇಂಬರ್ ಮುಗಿದು ರೈಫ್ಲಿಂಗ್ ಶುರುವಾಗುವ ಜಾಗ ಅದು. ಪ್ರತಿ ಗುಂಡಿಗೂ ಬೆಂಕಿ, ಒತ್ತಡ ಎರಡೂ ಅಲ್ಲೇ ಬಡಿಯುತ್ತವೆ. ಉಕ್ಕು ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟು ಮುಂದಕ್ಕೆ ಸವೆಯುತ್ತಾ ಹೋಗುತ್ತದೆ. ಎಷ್ಟು ಬೇಗ ಅನ್ನುವುದು ಕಾಡತೂಸಿನ ಮೇಲೆ ಹೋಗುತ್ತದೆ. .308 ಬ್ಯಾರೆಲ್ 5000 ಗುಂಡಿನ ಆಸುಪಾಸು ಬಾಳುತ್ತದೆ, 6.5 ಕ್ರೀಡ್‌ಮೋರ್ 2000ದಿಂದ 3000, 6.5-284 ಥರದ್ದು ಸಾವಿರ ಚಿಲ್ಲರೆಗೇ ಸುಸ್ತು. ಸಣ್ಣ ತೂತು, ದೊಡ್ಡ ಕೇಸ್, ಬೇಗ ಬೇಗ ಹೊಡೆಯುವುದು, ಇವು ಮೂರು ಸೇರಿದರೆ ಇನ್ನೂ ಬೇಗ.

ಹ್ಯಾಂಡ್‌ಲೋಡ್ ಮಾಡುವವರಿಗೆ ಇದು ಮುಖ್ಯ, ಯಾಕೆಂದರೆ ಗುಂಡು ಕೇಸ್ ಬಿಟ್ಟು ರೈಫ್ಲಿಂಗ್ ಮುಟ್ಟುವವರೆಗೆ ಹಾರುವ ದೂರ ಬದಲಾಗುತ್ತಾ ಇರುತ್ತದೆ. ನೀವು ಹೊಸ ಬ್ಯಾರೆಲ್‌ನಲ್ಲಿ 20 ಸಾವಿರದಂಶ ಇಂಚು (0.020 ಇಂಚು) ಬಿಟ್ಟು ಕೂರಿಸಿದ್ದಿರಿ ಅನ್ನಿ. ಥ್ರೋಟ್ ಸವೆದ ಮೇಲೆ ಅದೇ ಕಾಡತೂಸು 60 ಸಾವಿರದಂಶ ಹಾರುತ್ತಿರಬಹುದು. ಲೋಡ್ ಬದಲಾಗಿಲ್ಲ ಅಂತ ನೀವು ಅಂದುಕೊಂಡಿದ್ದೀರಿ, ಬ್ಯಾರೆಲ್ ಅದನ್ನು ಬದಲಿಸಿಬಿಟ್ಟಿದೆ. ಗಾಳಿ ಸೀಳುವ ಉದ್ದ ಮೂಗಿನ ಮ್ಯಾಚ್ ಗುಂಡುಗಳಲ್ಲಿ ಕೆಲವು ಈ ದೂರದ ಬಗ್ಗೆ ತುಂಬಾ ಹಟಮಾರಿ, ಸ್ವಲ್ಪ ಹೆಚ್ಚಾದರೂ ಮುನಿಸಿಕೊಳ್ಳುತ್ತವೆ. ಸಾಮಾನ್ಯ ದುಂಡು ಮೂಗಿನವು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ತಾಮ್ರದ ಗುಂಡು ಇದಕ್ಕೆ ಉಲ್ಟಾ, ಅದಕ್ಕೆ ಹಾರಲು ಜಾಗ ಬೇಕು. ಬಾರ್ನ್ಸ್ ಕಂಪನಿಯವರೇ 50 ಸಾವಿರದಂಶದಿಂದ ಶುರು ಮಾಡಿ ಅನ್ನುತ್ತಾರೆ.

ಇದನ್ನು ಅಳೆಯುವ ಗೇಜ್ ಸಿಗುತ್ತದೆ, ಕೊಳ್ಳಿ. ಗುಂಡಿನ ತುದಿಯಿಂದ ಅಳೆಯಬೇಡಿ, ಒಂದೇ ಡಬ್ಬಿಯ ಗುಂಡುಗಳ ತುದಿಯೇ ಒಂದರಂತೆ ಒಂದು ಇರುವುದಿಲ್ಲ. ಕೇಸ್‌ನ ತಳದಿಂದ ಗುಂಡು ರೈಫ್ಲಿಂಗ್ ಮುಟ್ಟುವ ಜಾಗದವರೆಗೆ ಕಂಪ್ಯಾರೇಟರ್ (ಕ್ಯಾಲಿಪರ್‌ಗೆ ಹಾಕುವ ತೂತಿನ ತುಂಡು) ಹಾಕಿ ಅಳೆಯಿರಿ. ಬ್ಯಾರೆಲ್ ಹೊಸದಾಗಿರುವಾಗ ಅಳೆದು ಬರೆದಿಡಿ, ಪ್ರತಿ ಕೆಲವು ನೂರು ಗುಂಡಿಗೆ ಮತ್ತೆ ಅಳೆಯಿರಿ. ಥ್ರೋಟ್ ಎಷ್ಟು ಮುಂದೆ ಹೋಯಿತು ಅನ್ನುವುದು ಪುಸ್ತಕದಲ್ಲೇ ಕಾಣುತ್ತದೆ. ಆಮೇಲೆ ಗುಂಡನ್ನು ಸ್ವಲ್ಪ ಹೊರಗೆ ಕೂರಿಸಿ ನೋಡಬಹುದು. ಎರಡು ಮಿತಿ ಇವೆ. ಮ್ಯಾಗಜೀನ್ ಉದ್ದ: .223ರಲ್ಲಿ ಎಆರ್ ಮ್ಯಾಗಜೀನ್‌ಗೆ ಲೆಕ್ಕ 2.260 ಇಂಚು. ಇನ್ನೊಂದು ಒತ್ತಡ: ಗುಂಡು ರೈಫ್ಲಿಂಗ್‌ಗೆ ತಾಗುವ ಹಾಗೆ ಕೂರಿಸಿದರೆ ಒತ್ತಡ ಏರುತ್ತದೆ, ಹಾಗಾಗಿ ಪೌಡರ್ ಇಳಿಸಿ ಮತ್ತೆ ಕೆಳಗಿನಿಂದ ಮೇಲೆ ಬರಬೇಕು. ವೆದರ್‌ಬಿ ರೈಫಲ್ ಇರುವವರು ಈ ಕೆಲಸಕ್ಕೆ ಹೋಗಲೇಬೇಡಿ. ಅದರ ಚೇಂಬರ್‌ನಲ್ಲಿ ಉದ್ದದ ಖಾಲಿ ಜಾಗ ಬೇಕೆಂದೇ ಬಿಟ್ಟಿದ್ದಾರೆ, ಅದು ಸವೆತವಲ್ಲ.

ಬೋರ್‌ಸ್ಕೋಪ್ ಈಗ ಅಗ್ಗ, ಒಳಗೆ ಇಣುಕಿ ನೋಡುವ ಆಸೆ ಸಹಜ. ಆದರೆ ನೋಡಿ ಹೆದರಬೇಡಿ. ಕಾರ್ಖಾನೆಯ ಹೊಸ ಬ್ಯಾರೆಲ್ ಒಳಗೂ ಉಳಿ ಗೀರು, ಕಲೆ ಕಾಣುತ್ತವೆ. ನೋಡಲು ಅಸಹ್ಯ, ಹೊಡೆದರೆ ಬಂಗಾರ, ಇಂಥವು ಬೇಕಾದಷ್ಟಿವೆ. ತೀರ್ಪು ಪೇಪರ್ ಕೊಡಬೇಕು, ಕ್ಯಾಮೆರಾ ಅಲ್ಲ.

ಇದ್ದಕ್ಕಿದ್ದಂತೆ ಕೆಟ್ಟರೆ

ಬ್ಯಾರೆಲ್ ರಾತ್ರೋರಾತ್ರಿ ಸವೆಯುವುದಿಲ್ಲ. ಹೋದ ತಿಂಗಳು ಸರಿ ಇತ್ತು, ಇವತ್ತು ಇಲ್ಲ ಅಂದರೆ ಏನೋ ಸಡಿಲವಾಗಿದೆ ಅಥವಾ ಏನೋ ತಗುಲಿದೆ. ಸ್ಕೋಪ್ ಹಿಡಿಯುವ ರಿಂಗ್, ಅದರ ಬೇಸ್, ರೈಫಲನ್ನು ಸ್ಟಾಕ್‌ಗೆ ಬಿಗಿಯುವ ಆಕ್ಷನ್ ಸ್ಕ್ರೂ ಈ ಮೂರನ್ನೂ ಟಾರ್ಕ್ ವ್ರೆಂಚ್ ಹಿಡಿದು ನೋಡಿ, ಎಷ್ಟು ಬಿಗಿ ಅಂತ ತಯಾರಕರ ಮ್ಯಾನುಯಲ್‌ನಲ್ಲಿ ಇರುತ್ತದೆ. ಒಂದೇ ಗ್ರೂಪ್ ಎರಡು ಸಣ್ಣ ಗುಂಪಾಗಿ ಬಿದ್ದರೆ ಇದೇ ಮೊದಲ ಅನುಮಾನ. ಸ್ಕೋಪ್ ಒಳಗೇ ಹಾಳಾಗಿರಬಹುದು, ಸರಿ ಇದೆ ಅಂತ ಗೊತ್ತಿರುವ ಇನ್ನೊಂದು ಹಾಕಿ ನೋಡಿ.

ಆಮೇಲೆ ಕ್ರೌನ್. ಗುಂಡು ಬ್ಯಾರೆಲ್ ಬಿಡುವ ಕೊನೆಯ ಅಂಚು. ಅಲ್ಲಿ ಒಂದು ಕಡೆ ಸಣ್ಣ ಹಳ್ಳ ಇದ್ದರೂ ಗ್ಯಾಸ್ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಹಿಂಭಾಗವನ್ನು ತಳ್ಳುತ್ತದೆ. ರೈಫಲ್ ಕಾರಿನ ಡಿಕ್ಕಿಯಲ್ಲಿ ಬಡಿದುಕೊಂಡಿತ್ತಾ, ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಬಿಚ್ಚುವಾಗ ತಾಗಿತಾ ಯೋಚಿಸಿ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಬಾಯಿಯೊಳಗೆ ಇಟ್ಟು ಅಂಚಿನ ಸುತ್ತ ಹೊರಗೆ ಎಳೆಯಿರಿ, ಹತ್ತಿಯ ಎಳೆ ಸಿಕ್ಕಿಕೊಂಡ ಕಡೆ ಹಳ್ಳ ಇದೆ. ಹೊಡೆದ ಮೇಲೆ ಬಾಯಿಯ ಮುಖದ ಮೇಲೆ ಮಸಿ ನಕ್ಷತ್ರದ ಹಾಗೆ ಮೂಡುತ್ತದೆ. ಅದು ಸುತ್ತಲೂ ಸಮ ಇರಬೇಕು. ಎಂ1 ಗ್ಯಾರಂಡ್‌ನಂಥ ರೈಫಲ್‌ನ ರಾಡ್ ಬಾಯಿಯ ಕಡೆಯಿಂದಲೇ ಹಾಕಬೇಕು, ಹಾಗಾಗಿ ಹಳೆಯ ಗ್ಯಾರಂಡ್‌ಗಳ ಬಾಯಿ ರಾಡ್ ಉಜ್ಜಿಯೇ ಅಗಲವಾಗಿರುತ್ತದೆ. ಕ್ರೌನ್ ಮತ್ತೆ ಕಡೆಸುವುದು ಗನ್‌ಸ್ಮಿತ್‌ಗೆ ಸಣ್ಣ ಕೆಲಸ, ಹೊಸ ಬ್ಯಾರೆಲ್ ಖರ್ಚಿನ ಮುಂದೆ ಏನೂ ಅಲ್ಲ. ನನ್ನ ಪ್ರಕಾರ ಬ್ಯಾರೆಲ್ ಸತ್ತಿತು ಅಂತ ಎಸೆಯುವ ಮೊದಲು ಇದನ್ನು ಮಾಡಿಸಲೇಬೇಕು.

ಉಳಿದದ್ದು ಕೊಳೆ. ಅಮೋನಿಯಾ ಇರುವ ಸಾಲ್ವೆಂಟ್ ಹಾಕಿದ ಬಟ್ಟೆ ನೀಲಿಯಾಗಿ ಬಂದರೆ ಒಳಗೆ ತಾಮ್ರ ಅಂಟಿದೆ. ಹಿತ್ತಾಳೆ ಜ್ಯಾಗ್ (ರಾಡ್ ತುದಿಯಲ್ಲಿ ಬಟ್ಟೆ ಹಿಡಿಯುವ ತುಂಡು) ಬಳಸಿದರೆ ಅದೇ ಕರಗಿ ನೀಲಿ ಬರುತ್ತದೆ, ಪ್ಲಾಸ್ಟಿಕ್‌ದು ಬಳಸಿ, ಇಲ್ಲದಿದ್ದರೆ ಎಷ್ಟು ತಿಕ್ಕಿದರೂ ಮುಗಿಯುವುದಿಲ್ಲ. ಬಾಟಲಿ ಮೇಲೆ ಬರೆದ ಹೊತ್ತಿಗಿಂತ ಜಾಸ್ತಿ ಒಳಗೆ ಬಿಡಬೇಡಿ. ತಾಮ್ರಕ್ಕಿಂತ ಅಪಾಯದ್ದು ಕಾರ್ಬನ್ ರಿಂಗ್. ಕೇಸ್‌ನ ಬಾಯಿಯ ಸ್ವಲ್ಪ ಮುಂದೆ ಗಟ್ಟಿ ಮಸಿ ಬಳೆಯ ಹಾಗೆ ಕಟ್ಟಿಕೊಳ್ಳುತ್ತದೆ. ಅದೇ ಲೋಡ್, ಆದರೆ ವೇಗ ಏರಿದೆ, ಬೋಲ್ಟ್ ಎತ್ತಲು ಬಿಗಿಯಾಗಿದೆ, ಪ್ರೈಮರ್ ಚಪ್ಪಟೆಯಾಗಿದೆ ಅಂದರೆ ಹೊಡೆಯುವುದನ್ನು ಅಲ್ಲೇ ನಿಲ್ಲಿಸಿ. ಪೌಡರ್ ಇಳಿಸಿ ಹೊಡೆಯೋಣ ಅನ್ನಬೇಡಿ, ಮೊದಲು ರಿಂಗ್ ತೆಗೆಯಿರಿ. ಕೇಸ್ ಉದ್ದ ಬೆಳೆದಿದ್ದರೂ ಇದೇ ಲಕ್ಷಣ ಬರುತ್ತದೆ, ಅದನ್ನೂ ಅಳೆಯಿರಿ. ತೊಳೆದ ಮೇಲೆ ಮೊದಲ ಕೆಲವು ಗುಂಡು ಬೇರೆ ಕಡೆ ಹೋಗುವುದು ಮಾಮೂಲಿ, ಅದನ್ನು ಗ್ರೂಪ್‌ಗೆ ಸೇರಿಸಬೇಡಿ.

ಎಲ್ಲ ಸರಿ ಇದ್ದೂ ಗ್ರೂಪ್ ಬರದಿದ್ದರೆ

ಆಗ ಬದಲಿಸಬೇಕಾದದ್ದು ಮೊದಲು ಗುಂಡು, ಆಮೇಲೆ ಪೌಡರ್‌ನ ಜಾತಿ, ಕೊನೆಗೆ ಕೂರಿಸುವ ಆಳ. ಪೌಡರ್‌ನ ಗ್ರೇನ್ ಲೆಕ್ಕ ಅದಕ್ಕೂ ಆಮೇಲೆ. ಬ್ಯಾರೆಲ್ ಕಂಪಿಸುತ್ತದೆ, ಕಂಪನದ ಸರಿಯಾದ ಹೊತ್ತಿಗೆ ಗುಂಡು ಹೊರಬರುವ ಹಾಗೆ ಪೌಡರ್ ಹೊಂದಿಸಬೇಕು ಅಂತ ಕ್ರೈಟನ್ ಆಡೆಟ್ ಅವರ ಲ್ಯಾಡರ್ ಟೆಸ್ಟ್ (ಪೌಡರ್ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಒಂದೊಂದೇ ಗುಂಡು ಹೊಡೆಯುವ ಪರೀಕ್ಷೆ) ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಬ್ಯಾರೆಲ್ ಕಂಪಿಸುವುದು ನಿಜ. ಆದರೆ ಒಂದೊಂದೇ ಗುಂಡು ಹೊಡೆದು ಕಾಣುವ ಸಮತಟ್ಟು ಜಾಗಗಳಲ್ಲಿ, ಅಂದರೆ ಪೌಡರ್ ಏರಿದರೂ ಗುಂಡು ಒಂದೇ ಎತ್ತರಕ್ಕೆ ಬಿದ್ದ ಕಡೆಗಳಲ್ಲಿ, ಬಹುಪಾಲು ಮತ್ತೆ ಹೊಡೆದಾಗ ಕಾಣೆಯಾಗುತ್ತವೆ. ಅದೇ ಪರೀಕ್ಷೆಯನ್ನು ಎರಡು ಸಲ ಮಾಡಿ, ಎರಡೂ ಸಲ ಒಂದೇ ಕಡೆ ಬಂದರೆ ನಂಬಿ.

ಇಷ್ಟಾದರೂ ಆಗಲಿಲ್ಲ, ಪುಸ್ತಕದಲ್ಲಿ ಥ್ರೋಟ್ ಮುಂದೆ ಹೋಗಿರುವುದು ಕಾಣುತ್ತಿದೆ, ಅಂಗಡಿಯ ಮ್ಯಾಚ್ ಕಾಡತೂಸೂ ಚದುರುತ್ತಿದೆ ಅಂದರೆ ಬ್ಯಾರೆಲ್ ಬದಲಿಸುವ ಹೊತ್ತು. ಹೊಸದನ್ನು ಆರ್ಡರ್ ಮಾಡುವಾಗ ಮುಂದೆ ಹೊಡೆಯಬೇಕು ಅಂತಿರುವ ಅತಿ ಉದ್ದದ ಗುಂಡಿಗೆ ತಕ್ಕ ಟ್ವಿಸ್ಟ್ ಕೇಳಿ. ಸಂದೇಹ ಇದ್ದರೆ ಒಂದು ಹೆಜ್ಜೆ ವೇಗದ್ದೇ ಇರಲಿ. ಆ ಗುಂಡು ಹಾಕಿದ ಒಂದು ಖಾಲಿ ಕಾಡತೂಸು, ಪೌಡರ್ ಪ್ರೈಮರ್ ಇಲ್ಲದ್ದು, ಗನ್‌ಸ್ಮಿತ್‌ಗೆ ಕೊಟ್ಟರೆ ಥ್ರೋಟ್ ಅದಕ್ಕೆ ಸರಿಯಾಗಿ ಕಡೆದು ಕೊಡುತ್ತಾರೆ. ಹಳೆಯ ಬ್ಯಾರೆಲ್‌ನ ಲೋಡನ್ನು ಹಾಗೆಯೇ ತುಂಬಬೇಡಿ, ಚೇಂಬರ್ ಬೇರೆ, ಒತ್ತಡವೂ ಬೇರೆ, ಮ್ಯಾನುಯಲ್‌ನ ಕೆಳಗಿನ ಅಂಕಿಯಿಂದ ಮತ್ತೆ ಶುರು ಮಾಡಿ. ಮೊದಲ ನೂರು ಇನ್ನೂರು ಗುಂಡು ಹೋಗುವಷ್ಟರಲ್ಲಿ ಹೊಸ ಬ್ಯಾರೆಲ್‌ನ ವೇಗ ಸಾಮಾನ್ಯವಾಗಿ ತಾನಾಗಿಯೇ ಸ್ವಲ್ಪ ಏರುತ್ತದೆ. ಅದು ನಿಲ್ಲುವವರೆಗೆ ಕ್ರೋನೋಗ್ರಾಫ್ ನೋಡುತ್ತಿರಿ, ಲೋಡ್ ಗಟ್ಟಿ ಮಾಡಿಕೊಳ್ಳುವುದು ಆಮೇಲೆ.